ಶಿಕ್ಷಕರಿಗೂ ಬೇಕು ಮೊದಲ ಐದು ಅಕ್ಷರ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯ ಶಿಕ್ಷಕ ಬಂಧುಗಳೇ,

ಒಂದನೆಯ ತರಗತಿಯ ಮಗು ಶಾಲೆಯಲ್ಲಿ ಮೊದಲು ಕಲಿಯುವ ಅಕ್ಷರಗಳು ಯಾವುವು ಎಂದು ಹೊರಗಿನವರನ್ನು ಕೇಳಿದರೆ ಅ, ಆ, ಇ, ಈ ಎನ್ನುತ್ತಾರೆ. ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬುದು ಇಲ್ಲಿ ಕುಳಿತಿರುವ ನಿಮಗೆಲ್ಲ ಗೊತ್ತು. ಈ ಐದು ಅಕ್ಷರಗಳು ಕೈಗೆ ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ತಾನಾಗಿಯೇ ಓದುತ್ತದೆ. ವರ್ಣಮಾಲೆಯ 49 ಅಕ್ಷರಗಳು ಮುಗಿಯುವವರೆಗೆ, ಕಾಗುಣಿತ ಬಾಯಿಪಾಠವಾಗುವವರೆಗೆ ಅದು ಕಾಯಬೇಕಾಗಿಲ್ಲ. ಕಲಿತದ್ದು ಸ್ವಲ್ಪವೇ ಆದರೂ, ಆ ಸ್ವಲ್ಪದಿಂದಲೇ ಅರ್ಥವುಳ್ಳ ಒಂದು ಪದ ಹುಟ್ಟುತ್ತದೆ. ನನಗೆ ಓದು ಬರುತ್ತದೆ ಎಂದು ಮಗು ಅಂದೇ ನಂಬುತ್ತದೆ.

ಹೊಸ ಪಠ್ಯಕ್ರಮ ಜಾರಿಗೆ ಬಂದಾಗ ಶಿಕ್ಷಕರ ಆತ್ಮವಿಶ್ವಾಸ ಮತ್ತು ಪ್ರೇರಣೆಗೆ ಏನಾಗುತ್ತದೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಈ ಐದು ಅಕ್ಷರಗಳು. ಮಗುವಿಗೆ ನಾವು ತೋರಿದ ಈ ವಿವೇಕವನ್ನು ಶಿಕ್ಷಕರ ವಿಷಯದಲ್ಲಿ ತೋರಲಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಹೊಸದೊಂದು ಪಠ್ಯಕ್ರಮ ಬಂದಾಗಲೆಲ್ಲ ಅದರ ತತ್ವ, ಉದ್ದೇಶ, ಸಾಮರ್ಥ್ಯಗಳ ಪಟ್ಟಿ, ಬೋಧನಾ ವಿಧಾನ, ಮೌಲ್ಯಮಾಪನ ಮತ್ತು ದಾಖಲೆಗಳ ಇಡೀ ವರ್ಣಮಾಲೆಯನ್ನು ಕೆಲವೇ ದಿನಗಳ ತರಬೇತಿಯಲ್ಲಿ ಅವರ ಮುಂದೆ ಸುರಿದು, ಜೂನ್ ತಿಂಗಳಿಂದ ಅಷ್ಟನ್ನೂ ನಿರರ್ಗಳವಾಗಿ ಓದಬೇಕೆಂದು ನಿರೀಕ್ಷಿಸಿದ್ದೇವೆ. ಅವರು ತಡವರಿಸಿದಾಗ ಪ್ರೇರಣೆಯ ಕೊರತೆ ಎಂದು ಬರೆದುಕೊಂಡಿದ್ದೇವೆ.

ನನ್ನ ಅನುಭವವನ್ನು ಮೊದಲು ಹೇಳುತ್ತೇನೆ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ನಲಿ-ಕಲಿ ವಿಸ್ತರಿಸಿದಾಗ ನಾನು ಹಳೆಯ ಮೈಸೂರು ಭಾಗದ ಹಳ್ಳಿಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಅಷ್ಟು ಹೊತ್ತಿಗೆ ಹದಿನೈದು ವರ್ಷದ ಸೇವೆಯಾಗಿತ್ತು. ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡುವುದು, ಮಗ್ಗಿ ಹೇಳಿಸುವುದು, ಕಾಪಿ ಬರೆಸುವುದು, ತಿಂಗಳ ಕೊನೆಗೆ ಕಿರು ಪರೀಕ್ಷೆ ಇಡುವುದು ಇವೆಲ್ಲ ನನಗೆ ಉಸಿರಾಟದಷ್ಟು ಸಹಜವಾಗಿದ್ದವು. ತರಬೇತಿ ಮುಗಿಸಿ ಬಂದು ಮೊದಲ ದಿನ ಮಕ್ಕಳನ್ನು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರಿಸಿದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರದು ಒಂದು ಗುಂಪು, ಭಾಗಶಃ ನೆರವು ಬೇಕಾದವರದು ಇನ್ನೊಂದು, ಗೆಳೆಯರ ನೆರವಿನಿಂದ ಕಲಿಯುವವರದು ಎರಡು ಗುಂಪು, ತಾವಾಗಿಯೇ ಕಲಿಯುವವರದು ಕೊನೆಯದು. ಕಾರ್ಡುಗಳ ಮೇಲಿನ ಗುರುತಿನ ಚಿತ್ರ (ಲೋಗೋ) ನೋಡಿ, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವೇ ಗುರುತಿಸಿಕೊಂಡು, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಹೋಗಿ ಕೂರಬೇಕು.

ಅರ್ಧ ಗಂಟೆಯಲ್ಲಿ ಕೊಠಡಿ ಸಂತೆಯಾಯಿತು. ನಾನು ಒಂದನೆಯ ತಟ್ಟೆಯಲ್ಲಿ ಕುಳಿತರೆ ಐದನೆಯ ತಟ್ಟೆಯ ಮಕ್ಕಳು ಕಾರ್ಡುಗಳನ್ನು ಎಸೆದಾಡುತ್ತಿದ್ದರು. ಅಲ್ಲಿಗೆ ಎದ್ದು ಹೋದರೆ ಇಲ್ಲಿನ ಮಗು ಅಳುತ್ತಿತ್ತು. ಪಕ್ಕದ ಕೊಠಡಿಯ ಶಿಕ್ಷಕರು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋದರು. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಮುಂದಿನ ಅರ್ಧ ಗಂಟೆ ಏನು ಮಾಡಬೇಕೆಂದು ತಿಳಿಯದ ಮನುಷ್ಯನಾಗಿ ನಾನು ನಿಂತಿದ್ದೆ. ಎರಡು ತಿಂಗಳು ಕಳೆದ ಮೇಲೆ ಒಬ್ಬ ತಂದೆ ಶಾಲೆಗೆ ಬಂದು, “ಮೇಷ್ಟ್ರೇ, ಎರಡು ತಿಂಗ್ಳಾಯ್ತು, ನಮ್ಮ ಹುಡ್ಗಂಗೆ ಅ ಆ ಇ ಈನೇ ಬರಲ್ವಲ್ಲ. ಕೈಯಲ್ಲಿ ಪುಸ್ತಕಾನೂ ಇಲ್ಲ. ಏನು ಕಲಿಸ್ತಿದ್ದೀರಿ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ ಎಂಬುದೇ ನನ್ನನ್ನು ಕುಗ್ಗಿಸಿದ್ದು. ಏಕೆಂದರೆ ತರಬೇತಿಯಲ್ಲಿ ಕೇಳಿದ ಉತ್ತರ ನನಗೆ ನೆನಪಿತ್ತು, ಆದರೆ ಅದು ನಿಜವಾಗುವುದನ್ನು ನಾನಿನ್ನೂ ನೋಡಿರಲಿಲ್ಲ. ನೋಡದೆ ಇದ್ದದ್ದನ್ನು ನಂಬಿ ಹೇಳುವುದು ಹೇಗೆ?

ಆಮೇಲೆ ಒಂದು ದಿನ ಅದೇ ಹುಡುಗ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ, ತಾನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ‘ಗರಗಸ’ವನ್ನು ಓದಿ ತೋರಿಸಿದ. ನಾನು ಬರೆಸಿದ್ದಲ್ಲ; ಯಾರೂ ಕೇಳಿರಲಿಲ್ಲ. ಅಂದು ಸಂಜೆ ನಾನು ಕಾರ್ಡುಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಅಲ್ಲಿಯವರೆಗೆ ಆದೇಶಕ್ಕಾಗಿ ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ನನ್ನದೆಂದು ಮಾಡತೊಡಗಿದೆ. ಅದೇ ವಾರ ಆ ತಂದೆಯನ್ನು ಕರೆದು, ಮಗನ ಕೈಯಲ್ಲೇ ಉತ್ತರ ಹೇಳಿಸಿದೆ.

ನನಗಾದದ್ದು ನನ್ನೊಬ್ಬನ ಕಥೆಯಲ್ಲ ಎಂಬುದು ಬಹಳ ವರ್ಷಗಳ ನಂತರ, ತರಬೇತಿ ಕೊಡುವ ಕೆಲಸಕ್ಕೆ ಬಂದಾಗ ತಿಳಿಯಿತು. ಅಮೆರಿಕದ ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ 1986ರಲ್ಲಿ ಒಂದು ಮಾತನ್ನು ಮುಂದಿಟ್ಟರು. ತರಬೇತಿಯಿಂದ ಶಿಕ್ಷಕರ ನಂಬಿಕೆ ಬದಲಾಗಿ, ಅದರಿಂದ ಬೋಧನೆ ಬದಲಾಗಿ, ಕೊನೆಗೆ ಮಕ್ಕಳ ಕಲಿಕೆ ಬದಲಾಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ನಿಜದಲ್ಲಿ ಶಿಕ್ಷಕರು ಮೊದಲು ಏನನ್ನೋ ಬೇರೆಯಾಗಿ ಮಾಡಿ ನೋಡುತ್ತಾರೆ, ಅದರಿಂದ ಮಕ್ಕಳು ಕಲಿಯುವುದನ್ನು ಕಣ್ಣಾರೆ ಕಾಣುತ್ತಾರೆ, ಆಮೇಲೆ ನಂಬಿಕೆ ಬದಲಾಗುತ್ತದೆ ಎಂಬುದು ಅವರ ವಾದದ ತಿರುಳು. ನಂಬಿಕೆ ಕೊನೆಗೆ ಬರುವಂಥದ್ದು. ನಮ್ಮ ತರಬೇತಿಗಳು ಮಾತ್ರ ಅದನ್ನೇ ಮೊದಲು ಕೇಳುತ್ತವೆ. ಉದ್ಘಾಟನೆಯ ದಿನವೇ “ಮೊದಲು ನಿಮ್ಮ ಮನೋಭಾವ ಬದಲಾಗಬೇಕು” ಎಂದು ಕೇಳದ ಶಿಕ್ಷಕರು ಈ ಸಭೆಯಲ್ಲಿ ಒಬ್ಬರಾದರೂ ಇರಲಾರರು.

ಇನ್ನು ಆತ್ಮವಿಶ್ವಾಸ ಎಂಬ ಪದದ ಬಗ್ಗೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ ನಮಗೆ ಬಹಳ ಉಪಯುಕ್ತವಾದದ್ದು. ಒಟ್ಟಾರೆ ಧೈರ್ಯವಂತಿಕೆ ಬೇರೆ. ಈ ನಿರ್ದಿಷ್ಟ ಕೆಲಸವನ್ನು ಈ ಸನ್ನಿವೇಶದಲ್ಲಿ ನಾನು ಮಾಡಬಲ್ಲೆ ಎಂಬ ನಂಬಿಕೆ ಬೇರೆ. ಊರ ಹಬ್ಬದಲ್ಲಿ ಸಾವಿರ ಜನರ ಮುಂದೆ ನಿಂತು ಮಾತನಾಡುವ ಶಿಕ್ಷಕರು ಐದು ತಟ್ಟೆಗಳ ಮುಂದೆ ಬೆವರಬಹುದು. ಈ ಎರಡನೆಯ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಬಂಡೂರ ಹೇಳುತ್ತಾರೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಮಾಡುವುದನ್ನು ನೋಡಿದ ಅನುಭವ, ನಂಬಿಕಸ್ತರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನ ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಕೇವಲ ಮಾತಿನ ಪ್ರೋತ್ಸಾಹಕ್ಕೆ ಅಷ್ಟು ಬಲವಿಲ್ಲ. ನಮ್ಮಲ್ಲಿ ತರಬೇತಿಯ ಬಹುಪಾಲು ಸಮಯ ಮತ್ತು ಹಣ ವ್ಯಯವಾಗುವುದು ಮಾತಿನ ಮೇಲೆಯೇ.

ನಮ್ಮ ನಾಡಿನಲ್ಲೇ ಇದನ್ನು ಸರಿಯಾದ ಕ್ರಮದಲ್ಲಿ ಮಾಡಿದ ಉದಾಹರಣೆಯಿದೆ. ಅದು ನಲಿ-ಕಲಿಯ ಹುಟ್ಟಿನ ಕಥೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಾಡಂಚಿನ ನಾಡು. ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು, ಜೇನುಕುರುಬರ ಮತ್ತು ಕಾಡುಕುರುಬರ ಹಾಡಿಗಳು. ಕೂಲಿಗಾಗಿ ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ ಹೋದಾಗ ಮಕ್ಕಳೂ ಹೋಗುತ್ತಾರೆ. ಮರಳಿ ಬರುವ ಹೊತ್ತಿಗೆ ಪುಸ್ತಕದ ಪಾಠ ಹತ್ತು ಪುಟ ಮುಂದೆ ಹೋಗಿರುತ್ತದೆ. ಮಗು ಹಿಂದೆ ಬಿದ್ದು, ಕ್ರಮೇಣ ಶಾಲೆಯಿಂದಲೇ ಜಾರಿಹೋಗುತ್ತದೆ. ಒಬ್ಬರೋ ಇಬ್ಬರೋ ಶಿಕ್ಷಕರು ನಾಲ್ಕು ತರಗತಿಗಳನ್ನು ಒಟ್ಟಿಗೆ ನಡೆಸಬೇಕು. ಇದು ಅಲ್ಲಿನ ಶಿಕ್ಷಕರ ದಿನನಿತ್ಯದ ಸಂಕಟವಾಗಿತ್ತು. ಅಂದರೆ ಪರಿಹಾರ ಬರುವ ಮೊದಲೇ ಸಮಸ್ಯೆ ಅವರದಾಗಿತ್ತು. ಪ್ರೇರಣೆಯ ಮಾತು ಬಂದಾಗ ಈ ಅಂಶವನ್ನು ನಾವು ಮರೆಯುತ್ತೇವೆ. ತನಗೆ ಇಲ್ಲದ ಕಾಯಿಲೆಗೆ ಕೊಟ್ಟ ಔಷಧವನ್ನು ಯಾರೂ ಶ್ರದ್ಧೆಯಿಂದ ಕುಡಿಯುವುದಿಲ್ಲ.

1995ರ ಸುಮಾರಿಗೆ, ಯುನಿಸೆಫ್ ನೆರವಿನಿಂದ, ಆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿ ವ್ಯಾಲಿಗೆ ಹೋದರು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳನ್ನು ನೋಡಿದರು. ಪಾಠಪುಸ್ತಕದ ಬದಲಿಗೆ ಕಾರ್ಡುಗಳು, ಪ್ರತಿ ಮಗುವಿಗೂ ಅದರದೇ ವೇಗ, ಬಿಟ್ಟುಹೋದ ಮಗು ಮರಳಿ ಬಂದಾಗ ತಾನು ನಿಲ್ಲಿಸಿದ ಮೆಟ್ಟಿಲಿಂದಲೇ ಮುಂದುವರಿಯುವ ಅನುಕೂಲ ಇವನ್ನೆಲ್ಲ ಅವರು ಉಪನ್ಯಾಸದಲ್ಲಿ ಕೇಳಲಿಲ್ಲ, ತಮ್ಮ ಊರಿನಂಥದೇ ಊರಿನಲ್ಲಿ, ತಮ್ಮ ಮಕ್ಕಳಂಥ ಮಕ್ಕಳ ನಡುವೆ ಕಂಡರು. ಅವರು ನೋಡಿದ್ದು ಪಟ್ಟಣದ ಸುಸಜ್ಜಿತ ಖಾಸಗಿ ಶಾಲೆಯನ್ನಾಗಿದ್ದರೆ ಮೆಚ್ಚಿ ಮರಳುತ್ತಿದ್ದರು, ಅಷ್ಟೆ. ಹಳ್ಳಿಯ ಒಂದೇ ಕೊಠಡಿಯಲ್ಲಿ ಒಬ್ಬರೇ ನಡೆಸುತ್ತಿದ್ದ ಶಾಲೆಯನ್ನು ನೋಡಿದ್ದರಿಂದ, ಇವರಿಗೆ ಆಗುವುದಾದರೆ ನಮಗೇಕೆ ಆಗಬಾರದು ಎಂಬ ಪ್ರಶ್ನೆ ಹುಟ್ಟಿತು.

ಮರಳಿ ಬಂದವರು ಅಲ್ಲಿನದನ್ನು ನಕಲು ಮಾಡಲಿಲ್ಲ. ಅಂದು ಜಾರಿಯಲ್ಲಿದ್ದ ಕನಿಷ್ಠ ಕಲಿಕಾ ಮಟ್ಟದ ಸಾಮರ್ಥ್ಯಗಳನ್ನು ಇಟ್ಟುಕೊಂಡು ಒಟ್ಟಿಗೆ ಕುಳಿತು ಅವುಗಳನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದರು, ಕಾರ್ಡು ಬರೆದರು, ಹಾಡು ಕಟ್ಟಿದರು, ತರಗತಿಯಲ್ಲಿ ನಡೆಯದಿದ್ದಾಗ ತಿದ್ದಿದರು. ಮೊದಲು ಕೆಲವೇ ಶಾಲೆಗಳು. ಆ ಶಾಲೆಗಳನ್ನು ನೋಡಿ ಇನ್ನಷ್ಟು ಶಾಲೆಗಳು. ಕಾರ್ಡಿನಲ್ಲಿ ತಪ್ಪಿದ್ದರೆ ತಿದ್ದುವ ಅಧಿಕಾರ ಅದನ್ನು ಬಳಸುವವರ ಕೈಯಲ್ಲೇ ಇತ್ತು. ಆತ್ಮವಿಶ್ವಾಸಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರವನ್ನು ನಾನು ಕಂಡಿಲ್ಲ. ತಿದ್ದಬಲ್ಲವನಿಗೆ ಸೋಲಿನ ಭಯ ಕಡಿಮೆ. ನಡೆಯದೆ ಹೋದ ಪಾಠ ಅವನ ಪಾಲಿಗೆ ಅಪರಾಧವಲ್ಲ, ಮುಂದಿನ ಕಾರ್ಡಿಗೆ ಸಿಕ್ಕ ಸಾಮಗ್ರಿ.

ಹದಿನಾಲ್ಕು ವರ್ಷಗಳ ನಂತರ ಇದೇ ಕ್ರಮ ರಾಜ್ಯಕ್ಕೆಲ್ಲ ಬಂದಾಗ ನಮಗೆ ಬಂದದ್ದು ಮುದ್ರಿತ ಕಾರ್ಡುಗಳು, ಏಣಿ, ಮಕ್ಕಳ ಬರಹಗಳನ್ನು ತೂಗುಹಾಕುವ ಚಪ್ಪರ, ಅವರ ಕಲಿಕೆಯನ್ನು ದಾಖಲಿಸುವ ಪ್ರಗತಿ ನೋಟ. ಬಾರದೆ ಉಳಿದದ್ದು ಆ ಶಿಕ್ಷಕರು ನಡೆದ ದಾರಿ. ರಾಜ್ಯದಷ್ಟು ದೊಡ್ಡ ವ್ಯವಸ್ಥೆಯಲ್ಲಿ ಪ್ರತಿ ಶಿಕ್ಷಕರೂ ಕಾರ್ಡು ಬರೆಯಲಾಗದು ಎಂಬುದನ್ನು ನಾನು ಒಪ್ಪುತ್ತೇನೆ. ವಿಸ್ತರಣೆಯೇ ತಪ್ಪು ಎಂದು ಹೇಳುವವನೂ ನಾನಲ್ಲ. ಆ ವಿಸ್ತರಣೆಯಿಂದಲೇ ನನ್ನ ಶಾಲೆಗೆ ಅದು ತಲುಪಿತು, ನನ್ನ ಮಕ್ಕಳು ಕಲಿತರು. ಆದರೆ ಸಾಮಗ್ರಿಯನ್ನು ಹಂಚುವುದಕ್ಕೆ ಪಟ್ಟ ಶ್ರಮದಲ್ಲಿ ಅರ್ಧದಷ್ಟನ್ನು, ಚೆನ್ನಾಗಿ ನಡೆಯುತ್ತಿರುವ ಸಮೀಪದ ತರಗತಿಯೊಂದರಲ್ಲಿ ಪ್ರತಿ ಹೊಸ ಶಿಕ್ಷಕರನ್ನು ಎರಡು ದಿನ ಕೂರಿಸುವುದಕ್ಕೆ ಪಟ್ಟಿದ್ದರೆ, ನನ್ನ ಮೊದಲ ಎರಡು ತಿಂಗಳು ಎರಡು ವಾರಗಳಲ್ಲಿ ಮುಗಿಯುತ್ತಿದ್ದವು ಎಂದು ಇಂದಿಗೂ ಅನ್ನಿಸುತ್ತದೆ.

ಈಗ ಹಿರಿಯ ಶಿಕ್ಷಕರ ವಿಷಯಕ್ಕೆ ಬರುತ್ತೇನೆ. ಹೊಸತನ್ನು ವಿರೋಧಿಸುವವರು ಎಂಬ ಹಣೆಪಟ್ಟಿ ಬೇಗ ಅಂಟುವುದು ಇವರಿಗೇ, ಮತ್ತು ಇವರಿಗೆ ಆಗುವ ನೋವನ್ನು ನಾವು ಸರಿಯಾಗಿ ಗುರುತಿಸಿಲ್ಲ. ಇಪ್ಪತ್ತೈದು ವರ್ಷ ಪಾಠ ಮಾಡಿದ ಶಿಕ್ಷಕಿಯೊಬ್ಬರಿಗೆ ಊರಿನಲ್ಲಿ ಒಂದು ಹೆಸರಿರುತ್ತದೆ. “ಆ ಟೀಚರ್ ಹತ್ರ ಕಲಿತರೆ ಲೆಕ್ಕ ಬರುತ್ತೆ” ಎಂದು ತಾಯಂದಿರು ಹೇಳುತ್ತಾರೆ. ಆ ಹೆಸರು ಬಂದದ್ದು ಅವರ ಕೈಯಲ್ಲಿ ಪಳಗಿದ ವಿಧಾನದಿಂದ. ಒಂದು ಸುತ್ತೋಲೆಯಿಂದ ಆ ವಿಧಾನ ಹಳತಾಗುತ್ತದೆ, ಅವರು ಹೊಸಬರಾಗುತ್ತಾರೆ. ಪಕ್ಕದಲ್ಲಿ ಕುಳಿತ, ನಿನ್ನೆ ಮೊನ್ನೆ ಸೇವೆಗೆ ಸೇರಿದ ಶಿಕ್ಷಕರಿಗೂ ಅವರಿಗೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ. ಕಿರಿಯರಿಗೆ ಕಳೆದುಕೊಳ್ಳಲು ಅಷ್ಟೇನೂ ಇಲ್ಲ. ಇವರಿಗೆ ಒಂದು ಜೀವಮಾನದ ಗಳಿಕೆಯಿದೆ. ಇಂಥವರು ಸುಮ್ಮನಾದಾಗ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಅದು ತನ್ನ ಕಸುಬು ಕೈಜಾರುತ್ತಿದೆ ಎಂಬ ದುಃಖ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಹೊಸ ಪಠ್ಯಕ್ರಮ ಏನನ್ನು ಬದಲಿಸುತ್ತದೆ ಎಂಬುದರ ಜೊತೆಗೆ ಏನನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನೂ ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು. ನನ್ನ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಕಥೆ ಹೇಳುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಹಿರಿಯ ಶಿಕ್ಷಕಿಯೊಬ್ಬರಿದ್ದರು. ಕಾರ್ಡುಗಳು ಬಂದ ಮೇಲೆ ಇನ್ನು ತನ್ನ ಕಥೆಗೆ ಜಾಗವಿಲ್ಲವೆಂದು ಅವರು ಭಾವಿಸಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಅಲ್ಲವೆಂದೂ ಯಾರೂ ಹೇಳಿರಲಿಲ್ಲ. ಇಡೀ ತರಗತಿ ಒಟ್ಟಿಗೆ ಕೂರುವ ಅವಧಿ ದಿನವೂ ಇದೆ, ಅದು ನಿಮ್ಮದೇ ಅವಧಿ ಎಂದು ತಿಳಿಸಿದ ಮೇಲೆ ಅವರ ಮುಖ ಬದಲಾಯಿತು. ಕೆಲವೇ ವಾರಗಳಲ್ಲಿ ಅವರ ಕಥೆಗಳ ಪದಗಳು ಮಕ್ಕಳ ಬರಹದಲ್ಲಿ ಕಾಣಿಸಿಕೊಂಡು ಚಪ್ಪರದ ದಾರಗಳ ಮೇಲೆ ನೇತಾಡುತ್ತಿದ್ದವು. ಆ ತರಗತಿಯನ್ನು ನೋಡಲು ನಾನೇ ಬೇರೆ ಶಿಕ್ಷಕರನ್ನು ಕಳಿಸಿದ್ದುಂಟು.

“ಎರಡು ವರ್ಷ ಸುಮ್ನಿದ್ರೆ ಇದೂ ಹೋಗುತ್ತೆ ಸಾರ್” ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ, ಬಹುಶಃ ಹೇಳಿಯೂ ಇದ್ದೀರಿ. ಈ ಮಾತಿಗೂ ಒಂದು ಚರಿತ್ರೆಯಿದೆ. 1990ರ ದಶಕದಲ್ಲಿ ಕನಿಷ್ಠ ಕಲಿಕಾ ಮಟ್ಟ ಬಂದಿತು. ನಂತರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ), ಸರ್ವ ಶಿಕ್ಷಾ ಅಭಿಯಾನಗಳ ಕಾಲದ ತರಬೇತಿಗಳು. 2005ರಲ್ಲಿ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2007ರಲ್ಲಿ ನಮ್ಮ ರಾಜ್ಯದ್ದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೊಡನೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. 2020ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, 2023ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿಗಾಗಿ ಆಯೋಗ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಚರ್ಚೆ ಇಲ್ಲಿ ಬೇಡ. ಒಂದೇ ಸೇವಾವಧಿಯಲ್ಲಿ ಇಷ್ಟನ್ನೂ ಕಂಡ ಶಿಕ್ಷಕರು, ಹಿಂದಿನದು ಏಕೆ ನಿಂತಿತು ಎಂದು ಯಾರೂ ತಮಗೆ ವಿವರಿಸದೆ ಇದ್ದಾಗ, ಹೊಸದಕ್ಕೆ ಮನಸ್ಸು ಕೊಡುವ ಮುನ್ನ ಸ್ವಲ್ಪ ಕಾದು ನೋಡುವುದು ಸಹಜವಾದ ಎಚ್ಚರ. ಹಿಂದಿನದರಲ್ಲಿ ನೀವು ಹಾಕಿದ ಶ್ರಮ ವ್ಯರ್ಥವಾಗಿಲ್ಲ, ಅದರಿಂದ ಕಲಿತದ್ದು ಇಂತಿಷ್ಟು, ಅದು ಹೊಸದರಲ್ಲಿ ಇಲ್ಲಿ ಸೇರಿದೆ ಎಂದು ತೋರಿಸುವ ಒಂದು ಪುಟ ಪ್ರತಿ ಹೊಸ ಕೈಪಿಡಿಯಲ್ಲೂ ಇರಲಿ ಎಂಬುದು ನನ್ನ ಆಗ್ರಹ.

ವಿಧಾನದ ಅಳುಕು ಒಂದು ಬಗೆಯದಾದರೆ, ವಿಷಯದ ಅಳುಕು ಇನ್ನೊಂದು ಬಗೆಯದು. ಇದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. 2007-08ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ವ್ಯವಸ್ಥೆ ಬಂದಾಗ, ಕಲಿಸಬೇಕಾದ ನಮ್ಮಲ್ಲಿ ಬಹಳ ಮಂದಿ ಸ್ವತಃ ಐದನೆಯ ತರಗತಿಯಲ್ಲಿ ಎಬಿಸಿಡಿ ಕಲಿತವರು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಆರಂಭವಾದಾಗ ಆ ಅಳುಕು ಇಮ್ಮಡಿಯಾಯಿತು. ಈಗ ಗಣಿತವನ್ನೂ ಪರಿಸರ ಅಧ್ಯಯನವನ್ನೂ ಆ ಭಾಷೆಯಲ್ಲಿ ಹೇಳಬೇಕು. ನನ್ನ ಸಹೋದ್ಯೋಗಿಯೊಬ್ಬರು ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಅವಧಿಯನ್ನು ಯಾವಾಗಲೂ ದಿನದ ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಕಾರಣ ಕೇಳಿದರೆ ಮಕ್ಕಳಿಗೆ ಬೆಳಿಗ್ಗೆ ಕನ್ನಡ ಚೆನ್ನಾಗಿ ತಲೆಗೆ ಹತ್ತುತ್ತದೆ ಎನ್ನುತ್ತಿದ್ದರು. ನಿಜವಾದ ಕಾರಣ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಷ್ಟೋ ದಿನಗಳಲ್ಲಿ ಆ ಅವಧಿ ಬರುವ ಮೊದಲೇ ಗಂಟೆ ಹೊಡೆಯುತ್ತಿತ್ತು.

ಅವರಿಗೆ ಧೈರ್ಯ ಬಂದದ್ದು ವ್ಯಾಕರಣದ ತರಬೇತಿಯಿಂದ ಅಲ್ಲ. ಮಕ್ಕಳೊಡನೆ ಕುಣಿಯುತ್ತ ಹೇಳಬಹುದಾದ ನಾಲ್ಕು ಹಾಡುಗಳು, ಕೂರು, ನಿಲ್ಲು, ತಾ, ಕೊಡು ಎಂಬಂಥ ಹತ್ತು ಹದಿನೈದು ದಿನಬಳಕೆಯ ಸೂಚನೆಗಳು, ಇಷ್ಟನ್ನು ತಪ್ಪಿಲ್ಲದೆ ಹೇಳಲು ಕಲಿತು, ಅವನ್ನು ಪ್ರತಿದಿನವೂ ಬಳಸಿದರು. ಮಕ್ಕಳು ಅದಕ್ಕೆ ಸರಿಯಾಗಿ ಸ್ಪಂದಿಸಿದಾಗ ಅವರ ದನಿ ಏರಿತು. ಇದೂ ರ, ಗ, ಸ, ದ, ಅ ಎಂಬ ಐದು ಅಕ್ಷರಗಳ ನ್ಯಾಯವೇ. “ನಾನೂ ನಿಮ್ಮ ಜೊತೆ ಕಲಿಯುತ್ತಿದ್ದೇನೆ” ಎಂದು ಮಕ್ಕಳಿಗೆ ಹೇಳಿದ ದಿನ ಅವರ ಹೆಗಲಿನ ಭಾರ ಇಳಿಯಿತು ಎಂದು ಅವರೇ ನನಗೆ ಹೇಳಿದ್ದಾರೆ. ಇದೇ ಮಾತನ್ನು ತಪಾಸಣೆಗೆ ಬಂದವರೆದುರು ಹೇಳುವ ಧೈರ್ಯ ಅವರಿಗೆ ಕೊನೆಯವರೆಗೂ ಬರಲಿಲ್ಲ. ಅದರ ಹೊಣೆ ಅವರದಲ್ಲ.

ಇಲ್ಲಿ ಭೇಟಿಗಳ ವಿಷಯ ಬರುತ್ತದೆ. ನಮ್ಮ ಸಿಆರ್‌ಪಿ, ಬಿಆರ್‌ಪಿಗಳ (ಕ್ಲಸ್ಟರ್ ಮತ್ತು ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳ) ಹುದ್ದೆ ಹುಟ್ಟಿದ್ದೇ ಶಿಕ್ಷಕರಿಗೆ ಶೈಕ್ಷಣಿಕ ನೆರವು ಕೊಡುವುದಕ್ಕೆ. ನಾನೂ ಕೆಲವು ವರ್ಷ ಆ ಕೆಲಸ ಮಾಡಿದವನು. ಕೈಯಲ್ಲಿ ನಮೂನೆ ಹಿಡಿದು ಶಾಲೆಯೊಳಗೆ ಕಾಲಿಟ್ಟಾಗ, ನನ್ನ ಜೊತೆ ಅದುವರೆಗೆ ಸಲುಗೆಯಿಂದ ಇದ್ದ ಶಿಕ್ಷಕರು ಎದ್ದು ನಿಂತು ದಾಖಲೆಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದರು. ಪಾಠ ಟಿಪ್ಪಣಿ, ಪ್ರಗತಿ ನೋಟ, ಮೌಲ್ಯಮಾಪನದ ದಾಖಲೆ, ಹಾಜರಿ, ಬಿಸಿಯೂಟದ ಲೆಕ್ಕ. ಒಂದು ಗಂಟೆಯ ಭೇಟಿಯಲ್ಲಿ ಮಕ್ಕಳ ಬಳಿ ಕೂರುವುದಕ್ಕೆ ಹತ್ತು ನಿಮಿಷ ಉಳಿದರೆ ಹೆಚ್ಚು. ಅಳೆಯುವವನೂ ನಾನೇ, ನೆರವಾಗುವವನೂ ನಾನೇ ಆದಾಗ, ಯಾವ ಶಿಕ್ಷಕರು ತಾನೆ ತಮ್ಮ ಎರಡನೆಯ ತಟ್ಟೆ ನಡೆಯುತ್ತಿಲ್ಲ ಎಂದು ನನ್ನ ಮುಂದೆ ಒಪ್ಪಿಕೊಳ್ಳುತ್ತಾರೆ? ಹೊಸ ಪಠ್ಯಕ್ರಮದ ಮೊದಲ ವರ್ಷದಲ್ಲಾದರೂ ನಮೂನೆಯಿಲ್ಲದ ಭೇಟಿಗಳಿರಬೇಕು, ಆ ಭೇಟಿಯಲ್ಲಿ ಕಂಡದ್ದನ್ನು ಯಾವ ವರದಿಯಲ್ಲೂ ಬರೆಯಬಾರದು ಎಂದು ನಾನು ಮೇಲಿನವರನ್ನು ಕೇಳಿಕೊಂಡಿದ್ದೆ. ಆಗಲಿಲ್ಲ. ಇಂದು ಈ ಹುದ್ದೆಗಳಲ್ಲಿ ಇರುವವರು ಇಲ್ಲಿದ್ದರೆ, ತಿಂಗಳಿಗೆ ಒಂದು ಶಾಲೆಗಾದರೂ ಬರಿಗೈಯಲ್ಲಿ ಹೋಗಿ, ಒಂದು ಗುಂಪನ್ನು ನೀವೇ ತೆಗೆದುಕೊಂಡು ಕೂರಿ ಎಂದು ಕೇಳುತ್ತೇನೆ. ನೀವು ತಡವರಿಸುವುದನ್ನು ಆ ಶಿಕ್ಷಕರು ನೋಡಲಿ. ಅದರಿಂದ ನಿಮ್ಮ ಗೌರವ ಕುಂದುವುದಿಲ್ಲ.

ತರಬೇತಿ ಮೇಲಿನಿಂದ ಕೆಳಕ್ಕೆ ಹಂತ ಹಂತವಾಗಿ ಇಳಿದು ಬರುವ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಜ್ಯ ಮಟ್ಟದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಿಂದ ಹೊರಟ ವಿಚಾರ ಜಿಲ್ಲೆಯ ತರಬೇತಿ ಸಂಸ್ಥೆ (ಡಯಟ್), ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಇವನ್ನು ದಾಟಿ ಕ್ಲಸ್ಟರಿಗೆ ತಲುಪುವಾಗ ಅದರ ಹೂರಣ ಸೋರಿ, ಕಣಕವಷ್ಟೇ ಉಳಿದಿರುತ್ತದೆ. ಐದು ದಿನದ್ದು ಮೂರು ದಿನವಾಗುತ್ತದೆ, ಚಟುವಟಿಕೆ ಪಿಪಿಟಿಯಾಗುತ್ತದೆ.

ಆದರೆ ಈ ವ್ಯವಸ್ಥೆಯಲ್ಲೇ ನಾನು ತುಂಬ ಭರವಸೆ ಇಟ್ಟಿರುವ ಒಂದು ಜಾಗವಿದೆ, ಅದು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಅದು ಸುತ್ತೋಲೆ ಓದುವ, ಅಂಕಿಅಂಶ ಸಂಗ್ರಹಿಸುವ ಸಭೆಯಾಗಿ ಕುಗ್ಗಿರುವುದು ನಿಜ. ಒಂದು ವರ್ಷ ನಾವು ನಮ್ಮ ಕ್ಲಸ್ಟರಿನಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ಸಭೆಯ ಮೊದಲ ಮುಕ್ಕಾಲು ಗಂಟೆ ಯಾವ ಕಾಗದವೂ ಹೊರಗೆ ಬರುವಂತಿಲ್ಲ. ಒಬ್ಬರು ಆ ತಿಂಗಳು ತಮ್ಮ ತರಗತಿಯಲ್ಲಿ ನಡೆಯದೆ ಹೋದ ಒಂದು ಪಾಠವನ್ನು ವಿವರಿಸಬೇಕು, ಇನ್ನೊಬ್ಬರು ನಡೆದ ಒಂದನ್ನು. ಮೊದಲ ತಿಂಗಳು ನಡೆಯದ ಪಾಠ ಹೇಳಲು ಯಾರೂ ಏಳಲಿಲ್ಲ, ನಾನೇ ಹೇಳಿದೆ. ಮೂರನೆಯ ತಿಂಗಳು ಒಬ್ಬ ಶಿಕ್ಷಕಿ ಎದ್ದು, ವ್ಯವಕಲನದಲ್ಲಿ ದಶಕ ಬಿಡಿಸುವ ಕಾರ್ಡಿನಲ್ಲಿ ತನ್ನ ಮಕ್ಕಳೆಲ್ಲ ಸಿಕ್ಕಿಕೊಂಡಿದ್ದಾರೆ ಎಂದರು. ತಕ್ಷಣ ನಾಲ್ವರು ತಮ್ಮಲ್ಲೂ ಹಾಗೆಯೇ ಎಂದರು. ಅಲ್ಲಿಯವರೆಗೆ ಅವರಲ್ಲಿ ಪ್ರತಿಯೊಬ್ಬರೂ ಅದು ತಮ್ಮೊಬ್ಬರ ಅಸಮರ್ಥತೆ ಎಂದುಕೊಂಡು ಮುಚ್ಚಿಟ್ಟಿದ್ದರು. ಆ ಮಧ್ಯಾಹ್ನ ಕಡ್ಡಿಕಟ್ಟುಗಳನ್ನು ಇಟ್ಟುಕೊಂಡು ಎರಡು ಹೊಸ ಕಾರ್ಡು ಬರೆದರು. ಹೆಗ್ಗಡದೇವನಕೋಟೆಯಲ್ಲಿ ನಡೆದದ್ದು ಸಣ್ಣ ಪ್ರಮಾಣದಲ್ಲಿ ನಮ್ಮಲ್ಲೂ ನಡೆಯಿತು ಎಂದು ಅಂದು ನನಗೆ ಅನ್ನಿಸಿತು.

ಬಹುಮಾನ, ಪ್ರಶಸ್ತಿಗಳಿಂದ ಪ್ರೇರಣೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಒಬ್ಬಿಬ್ಬರಿಗೆ ಸಂತೋಷವಾಗುತ್ತದೆ, ಆಗಲಿ. ಆದರೆ ಆ ಐವರು ಸಂಜೆ ಐದೂವರೆಯವರೆಗೆ ಕುಳಿತು ಕಾರ್ಡು ಬರೆದದ್ದು ಯಾವ ಪ್ರಶಸ್ತಿಗೂ ಅಲ್ಲ. ಕೆಲಸ ತಮ್ಮ ಹಿಡಿತಕ್ಕೆ ಬಂದಿತೆಂಬ ಸಮಾಧಾನ, ತಮ್ಮ ತೀರ್ಮಾನಕ್ಕೆ ಬೆಲೆಯಿದೆಯೆಂಬ ಅರಿವು, ಜೊತೆಗೆ ಇನ್ನಷ್ಟು ಜನರಿದ್ದಾರೆಂಬ ಧೈರ್ಯ, ಇವು ಮೂರೂ ಅಂದು ಒಟ್ಟಿಗೆ ಸೇರಿದ್ದವು.

ಕೋವಿಡ್ ನಂತರ 2022-23ನೇ ಸಾಲನ್ನು ಕಲಿಕಾ ಚೇತರಿಕೆಯ ವರ್ಷವಾಗಿ ನಡೆಸಿದ್ದನ್ನು ನೀವು ಕಂಡಿದ್ದೀರಿ. ಕಲಿಕಾ ಫಲ, ಕಲಿಕಾ ಹಾಳೆಗಳ ಆ ವರ್ಷದಲ್ಲಿ ನನಗೆ ಒಳ್ಳೆಯದೆನಿಸಿದ ಸಂಗತಿಯೊಂದಿತ್ತು. ಮಕ್ಕಳು ಹಿಂದುಳಿದಿರುವುದು ಶಿಕ್ಷಕರ ತಪ್ಪಲ್ಲ ಎಂಬುದನ್ನು ಅಂದು ಎಲ್ಲರೂ ಒಪ್ಪಿದ್ದರು. ಆ ಒಪ್ಪಿಗೆಯ ನೆರಳಿನಲ್ಲಿ ಎಷ್ಟೋ ಶಿಕ್ಷಕರು, ಐದನೆಯ ತರಗತಿಯ ನನ್ನ ಮಗುವಿಗೆ ಒತ್ತಕ್ಷರ ಬರುವುದಿಲ್ಲ ಎಂದು ಹಿಂಜರಿಕೆಯಿಲ್ಲದೆ ಹೇಳಿ, ಅಲ್ಲಿಂದಲೇ ಆರಂಭಿಸಿದರು. ಆ ನಿರ್ಭಯ ಉಳಿದ ವರ್ಷಗಳಿಗೂ ಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಯುವ ಶಿಕ್ಷಕಿಯೊಬ್ಬರು ಎದ್ದು, “ಸರ್, ನಂದು ಏಕೋಪಾಧ್ಯಾಯ ಶಾಲೆ. ಮಾಡಿ ತೋರಿಸೋರೂ ಇಲ್ಲ, ನಡೀಲಿಲ್ಲ ಅಂದ್ರೆ ಕೇಳೋಣ ಅಂದ್ರೆ ಪಕ್ಕದ ಕೊಠಡೀನೂ ಇಲ್ಲ. ನಾನು ಎಲ್ಲಿಂದ ಶುರು ಮಾಡ್ಲಿ?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೂ ಇಲ್ಲಿ ಬರೆಯುತ್ತೇನೆ.

ನಿಮ್ಮ ಶಾಲೆಗೆ ಇನ್ನೊಬ್ಬ ಶಿಕ್ಷಕರು ಬೇಕು. ಆ ಕೊರತೆಯನ್ನು ನಿಮ್ಮ ಆತ್ಮವಿಶ್ವಾಸದಿಂದ ತುಂಬಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಲಿಖಿತವಾಗಿ ಕೇಳುತ್ತಲೇ ಇರಿ. ಅದು ಬರುವವರೆಗೆ, ಹೊಸ ಪಠ್ಯಕ್ರಮವನ್ನು ಇಡೀ ದಿನಕ್ಕೆ ಹರಡಬೇಡಿ. ದಿನಕ್ಕೆ ಒಂದು ಗಂಟೆ, ಒಂದು ವಿಷಯ, ಆರು ವಾರ. ಉಳಿದ ಹೊತ್ತು ನಿಮಗೆ ಬರುವ ಹಾಗೆ ಪಾಠ ಮಾಡಿ. ನಿಮ್ಮಂತೆಯೇ ಒಂಟಿಯಾಗಿ ಶಾಲೆ ನಡೆಸುತ್ತಿರುವ ಇನ್ನೊಬ್ಬರ ನಂಬರನ್ನು ಈ ಸಭೆಯಲ್ಲೇ ಪಡೆದುಕೊಂಡು ಹೋಗಿ, ವಾರಕ್ಕೊಮ್ಮೆ ಸಂಜೆ ಫೋನು ಮಾಡಿ ನಡೆದದ್ದನ್ನೂ ನಡೆಯದ್ದನ್ನೂ ಹೇಳಿಕೊಳ್ಳಿ. ಮಕ್ಕಳಲ್ಲಿ ಯಾರು, ಯಾವ ದಿನ, ಯಾರೂ ಕೇಳದೆ ಏನನ್ನು ಮಾಡಿ ತೋರಿಸಿದರು ಎಂಬುದನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಕನ್ನಡದ ಬದಲು ಗಣಿತದಿಂದ ಆರಂಭಿಸಬಹುದೇ, ಅದರಲ್ಲಿ ನನಗೆ ಸ್ವಲ್ಪ ಧೈರ್ಯ ಜಾಸ್ತಿ ಎಂದು ಅವರು ಕೇಳಿದರು. ಗಣಿತದಿಂದಲೇ ಆರಂಭಿಸಿ ಎಂದೆ. ಅವರ ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಿಕ್ಷಕರೊಬ್ಬರು ಅಷ್ಟರಲ್ಲಿ ಹಿಂದಕ್ಕೆ ತಿರುಗಿ ತಮ್ಮ ನಂಬರ್ ಹೇಳುತ್ತಿದ್ದರು.